ಬಾಯಿಗೆ ಅಡ್ಡ ಸೆರಗು

ಹುಣಸಗಿ
8-8-1994

ಪ್ರೀತಿಯ ಅಕ್ಕನಿಗೆ,

ತಮ್ಮನಾದ ಮನ್ಸೂರಅಲಿಯ ನಮಸ್ಕಾರಗಳು. ನಾನು, ಗೌಹರ, ಮಗಳು ಮಮ್ತಾಜ ಎಲ್ಲರೂ ಸೌಖ್ಯ. ಶಹಾಪುರದಲ್ಲಿ ಭಾವ ಜಮಾಲಸಾಬರ ಸೈಕಲ್ ಅಂಗಡಿಯೂ ನಿನ್ನ ಹೊಲಿಗೆ ಕೆಲಸವೂ ಚೆನ್ನಾಗಿ ನಡೆದಿವೆ ಎಂದು ಕೇಳಿ ಸಂತೋಷವಾಯಿತು.

ಒಂದು ವಿಚಾರಕ್ಕಾಗಿ ಈ ಪತ್ರ. ತಾಯಿಯವರನ್ನು ಕೆಲವು ತಿಂಗಳ ಮಟ್ಟಿಗೆ ನಿನ್ನ ಹತ್ತಿರ ಕಳಿಸಬೇಕೆಂದು ಮಾಡಿದ್ದೇನೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಊರ ಸುತ್ತ ಎಲ್ಲಿ ನೋಡಿದರೂ ಭತ್ತದ ನಾಟಿ. ಸೊಳ್ಳೆ ಹೇಳತೀರದಷ್ಟು, ಹಿತ್ತಲ ಗೋಡೆಗೆ ಪಾಚಿ ಹತ್ತಿದೆ. ಈ ತಂಪು ತಾಯಿಯವರ ಮೊಳಕಾಲಿಗೆ ಆಗಿಬರುವುದಿಲ್ಲ. ನಿಮ್ಮದು ಗುಡ್ಡದ ಊರು, ಒಣ ಗಾಳಿ, ಅವರಿಗೆ ಅನುಕೂಲವಾದೀತು.

ಮಗುವಿನ ಬಗ್ಗೆ ನೀನು ಕೇಳುವ ಮೊದಲೇ ಬರೆಯುತ್ತೇನೆ. ಮುಂದಿನ ತಿಂಗಳು ಅವಳಿಗೆ ನಾಲ್ಕು ತುಂಬುತ್ತದೆ, ಮಾತು ಸ್ವಲ್ಪ ನಿಧಾನ. ಅಂಗನವಾಡಿಯ ಸುಂದ್ರಮ್ಮ ಒತ್ತಾಯ ಮಾಡಿದ್ದಕ್ಕೆ ಜೂನಿನಲ್ಲಿ ಯಾದಗಿರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಮಕ್ಕಳ ಮಾತು ಪರೀಕ್ಷಿಸುವ ಶಿಬಿರ ಹಾಕಿದ್ದರು. ಪರೀಕ್ಷೆ ಮಾಡುವವರು ಡಬ್ಬಿಯಿಂದ ಒಂದೊಂದೇ ಸಾಮಾನು ತೆಗೆದು "ಇದೇನು?" ಎಂದು ಕೇಳಿದರು. ಬಾಚಣಿಗೆ ತೋರಿಸಿದರೆ ಮಮ್ತಾಜ ನಮ್ಮ ಮನೆಮಾತಿನಲ್ಲಿ "ಕಂಗೀ" ಎಂದಳು. ನೀರು ತೋರಿಸಿದರೆ "ನೀಳ್ಳು" ಎಂದಳು. ಗೌಹರ ಗುರುಮಠಕಲ್ ಕಡೆಯವಳು, ಮಗುವಿನ ಹತ್ತಿರ ತೆಲುಗು ಆಡುತ್ತಾಳೆ. ಚೆಂಡಿಗೆ ಮಾತ್ರ ಚೆಂಡು ಎಂದಳು. ಪರೀಕ್ಷೆಯವರು ನನ್ನ ಕಡೆ ತಿರುಗಿ, "ಕನ್ನಡ ಮಾಸ್ತರ ಮಗಳೇನ್ರಿ ಈಕಿ?" ಎಂದು ನಕ್ಕರು. ನಮ್ಮ ಹೆಡ್ ಮಾಸ್ತರ ಈಶಪ್ಪನವರು ತಮ್ಮ ಮೊಮ್ಮಗನನ್ನು ಎತ್ತಿಕೊಂಡು ಅದೇ ಸಾಲಿನಲ್ಲಿ ನನ್ನ ಬೆನ್ನ ಹಿಂದೆ ನಿಂತಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಮೂರು ಭಾಷೆ ಕಲೆತು ಮಗುವಿಗೆ ಗೊಂದಲವಾಗಿದೆ, ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ಆ ಪ್ರಕಾರ ನಡೆದುಕೊಳ್ಳುತ್ತಿದ್ದೇವೆ.

ಸೋಮವಾರದ ಬಸ್ಸಿಗೆ ನಮ್ಮ ಶಾಲೆಯ ಜವಾನ ಬಾಲಪ್ಪ ತಾಯಿಯವರನ್ನು ಕರೆತಂದು ಬಿಡುತ್ತಾನೆ. ನನಗೆ ರಜೆ ಸಿಗುವಂತಿಲ್ಲ.

ನಿನ್ನ ತಮ್ಮ,
ಮನ್ಸೂರಅಲಿ

---

ಶಹಾಪುರ
29-8-1994

ಮನ್ಸೂರಾ,

ನಾನು ಯಾವಾಗಿನಿಂದ ನಿನಗೆ ಅಕ್ಕ ಆದೆ? ರಂಜಾನಿಗೆ ಬಂದಾಗ ಆಪಾ ಆಗಿದ್ದೆನಲ್ಲ. ಅಮ್ಮಾ ಯಾವಾಗ "ತಾಯಿಯವರು" ಆದಳು? ನಿನ್ನ ಪತ್ರ ಓದಿ ಹೇಳಿದರೆ ನಮ್ಮ ಮನೆಯವರು, "ಇದು ಬ್ಯಾಂಕಿನಿಂದ ಬಂದದ್ದೇನು ನೋಡು" ಎಂದು ನಕ್ಕರು. ನಾವಿಬ್ಬರೂ ಕನ್ನಡ ಸಾಲಿಗೆ ಹೋದವರು, ಉರ್ದು ಅಕ್ಷರ ನಿನಗೂ ಬಾರದು, ನನಗೂ ಬಾರದು. ಕನ್ನಡದಲ್ಲೇ ಬರೆ, ಬೇಡ ಅನ್ನುವುದಿಲ್ಲ. ಕರೆಯುವ ಹೆಸರನ್ನಾದರೂ ಉಳಿಸಿಕೋ.

ಅಮ್ಮಾ ಬಂದು ಮುಟ್ಟಿದ್ದಾಳೆ. ಅವಳ ಮೊಳಕಾಲಿಗೆ ಏನೂ ಆಗಿಲ್ಲ. ನಾನು ಬೇಡ ಅಂದರೂ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಾಳೆ. ಬಟ್ಟೆಯ ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ. ಒಂದು ಸೀರೆ ಎಳೆದು ಉಡುತ್ತಾಳೆ, ಒಗೆದು ಮತ್ತೆ ಅದರೊಳಗೇ ತುರುಕುತ್ತಾಳೆ.

ಬೇರೆ ಏನೋ ಆಗಿದೆ ಅವಳಿಗೆ. ಕೆಂಭಾವಿ ಸಂತೆಯಲ್ಲಿ ಕೂತು ಬಳೆ ತೊಡಿಸುತ್ತಿದ್ದ ಖಾಜಾಬೀಯೇ ಇವಳು ಅಂದರೆ ಯಾರೂ ನಂಬಲಾರರು. ಹೆಂಗಸರ ಕೈ ಹಿಡಿದು ಗಂಡನ ಸುದ್ದಿ, ಹೊಲದ ಸುದ್ದಿ, ಬಸುರು ಬಾಣಂತನದ ಸುದ್ದಿ ಕೇಳುತ್ತ ಕೇಳುತ್ತ ಬಳೆ ಗಿಣ್ಣು ದಾಟಿಸಿಬಿಡುತ್ತಿದ್ದಳು. ಬಂದವರಿಗೆ ನೋವು ಗೊತ್ತೇ ಆಗುತ್ತಿರಲಿಲ್ಲ. ಕನ್ನಡದವರಿಗೆ ಕನ್ನಡ, ತಾಂಡಾದವರಿಗೆ ಅವರ ಮಾತು, ತೆಲುಗು ಕ್ಯಾಂಪಿನವರಿಗೆ ತೆಲುಗು, ಎಲ್ಲವೂ ಹರಕು ಮುರುಕು, ಆದರೆ ಯಾರೂ ಕೈ ಎಳೆದುಕೊಂಡು ಎದ್ದು ಹೋದದ್ದಿಲ್ಲ. ಅಂಥವಳು ಈಗ ಕೇಳಿದ್ದಕ್ಕೆ ಒಂದು ಮಾತು, ಇಲ್ಲದಿದ್ದರೆ ಅದೂ ಇಲ್ಲ.

ಮಗ್ಗುಲ ಮನೆಯ ಹುಲಗಪ್ಪನ ಕೂಸು ನನ್ನ ಹೊಲಿಗೆ ಮಷಿನ್ನಿನ ಹತ್ತಿರ ಆಡಲು ಬರುತ್ತದೆ. ಅದು ಅಮ್ಮನ ತೊಡೆ ಹತ್ತಿದರೆ ಸಾಕು, ಅಮ್ಮಾ ಸೆರಗು ಎಳೆದು ಬಾಯಿಗೆ ಒತ್ತಿ ಹಿಡಿದು ಮುಖ ತಿರುಗಿಸುತ್ತಾಳೆ. ಏನಮ್ಮಾ ಇದು ಎಂದು ಕೇಳಿದೆ. "ನನ್ನ ಬಾಯಿ ಕೂಸುಗೋಳಿಗೆ ಛಲೋ ಅಲ್ಲ" ಅಂದಳು.

ಇದಕ್ಕೆ ಅರ್ಥ ಏನು, ಮನ್ಸೂರ? ಅವಳಿಗೆ ಯಾರು ಹೀಗೆ ಹೇಳಿದರು? ತಿರುಗಿ ಬರೆ.

ಆಮೀನಾ ಆಪಾ

---

ಹುಣಸಗಿ
20-9-1994

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ವಯಸ್ಸಾದವರ ಮನಸ್ಸು, ಒಂದು ಹೇಳಿದರೆ ಇನ್ನೊಂದು ತಿಳಿಯುತ್ತಾರೆ. ನೀನು ಅದನ್ನೆಲ್ಲ ದೊಡ್ಡದು ಮಾಡಬೇಡ. ಮಗುವಿನ ಹಿತಕ್ಕಾಗಿ ನಾನು ಒಂದು ಮಾತು ಹೇಳಿದ್ದು ನಿಜ. ಬೈದಿಲ್ಲ, ಸಿಟ್ಟು ಮಾಡಿಲ್ಲ.

ಇಲ್ಲಿ ಒಳ್ಳೆಯ ಸುದ್ದಿಯಿದೆ. ಯಾದಗಿರಿಯವರ ಹಾಗೆ ನಾನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬಾಚಣಿಗೆ, ಚಮಚ, ಚೆಂಡು, ಬೀಗ, ಕಡ್ಡಿಪೆಟ್ಟಿಗೆ ಹಾಕಿಟ್ಟಿದ್ದೇನೆ. ಸಂಜೆ ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ "ಬಾ ಮಮ್ತಾಜ, ಪರೀಕ್ಷಾ" ಎಂದು ಕರೆದು ಕೂಡಿಸುತ್ತೇನೆ. ಮೊನ್ನೆ "ಚಮಚ" ಎಂದು ಸ್ಪಷ್ಟವಾಗಿ ಹೇಳಿದಳು. ಪೇಟೆಯಿಂದ ಒಂದು ಗೊಂಬೆ ತಂದುಕೊಟ್ಟೆ. ಕಂಗೀ ಎಂದರೆ ನಾನು ಬಾಚಣಿಗೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತೇನೆ. ಬೈಯುವುದಿಲ್ಲ.

ಗೌಹರಳಿಗೂ ತೆಲುಗು ಬೇಡ ಎಂದು ಹೇಳಿದ್ದೇನೆ. ಅವಳಿಗೆ ಕನ್ನಡ ಹಿಡಿದು ಹಿಡಿದು ಬರುತ್ತದೆ, ಆದ್ದರಿಂದ ಸ್ವಲ್ಪವೇ ಮಾತಾಡುತ್ತಾಳೆ. ಮಗುವನ್ನು ಮಲಗಿಸುವಾಗ ಹಾಡಿನ ಧಾಟಿ ಮಾತ್ರ ಗುನುಗುತ್ತಾಳೆ, ಶಬ್ದ ಹಾಕುವುದಿಲ್ಲ. ಒಟ್ಟಿನಲ್ಲಿ ಮನೆ ಈಗ ಬಹಳ ಶಾಂತವಾಗಿದೆ. ಈಶಪ್ಪನವರು ಒಮ್ಮೆ ಬಂದಿದ್ದರು, ಅವರ ಮುಂದೆ ಯಾವ ಮುಜುಗರವೂ ಆಗಲಿಲ್ಲ.

ಜನವರಿಯಲ್ಲಿ ಯಾದಗಿರಿಯಲ್ಲಿ ಮತ್ತೆ ಶಿಬಿರ ಇದೆ. ಆಗ ಒಂದು ಫಲಿತಾಂಶ ಬಂದೇ ಬರುತ್ತದೆ. ಅಲ್ಲಿಯವರೆಗೆ ತಾಯಿಯವರನ್ನು ನೀನೇ ನೋಡಿಕೋ.

ನಿನ್ನ ತಮ್ಮ,
ಮನ್ಸೂರಅಲಿ

---

ಶಹಾಪುರ
17-10-1994

ಮನ್ಸೂರಾ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಸಿಟ್ಟಿಗೋ ನಾಚಿಕೆಗೋ ನನಗೇ ತಿಳಿಯದು.

ಹೋದ ವಾರ ಅಮ್ಮಾ ತಿಂಥಣಿಗೆ ಕರೆದುಕೊಂಡು ಹೋಗು ಎಂದಳು. ನಮ್ಮವರೂ ಮೌನೇಶ್ವರನಿಗೆ ನಡೆದುಕೊಳ್ಳುವುದು ನಿನಗೆ ಗೊತ್ತೇ ಇದೆ, ಚಿಕ್ಕವನಿದ್ದಾಗ ನಿನ್ನ ಜ್ವರಕ್ಕೂ ಅಲ್ಲಿಯದೇ ಹರಕೆ. ಸುರಪುರದಲ್ಲಿ ಬಸ್ಸು ಬದಲಿಸಿ ಹೋದೆವು. ಹೊಳೆ ತುಂಬಿ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಕಾಲು ನೀರಿಗೆ ಬಿಟ್ಟು ಕೂತಾಗ ಎಲ್ಲ ಹೇಳಿದಳು. ಅವಳು ನಮ್ಮ ಮಾತಿನಲ್ಲಿ ಹೇಳಿದ್ದು, ನಿನಗಾಗಿ ಕನ್ನಡ ಮಾಡಿ ಬರೆಯುತ್ತೇನೆ.

"ಅವ ಬೈದಿಲ್ಲ. ಮೆಲ್ಲಕ ಹೇಳಿದ. ಅಮ್ಮಾ, ಕೂಸಿನ ಮುಂದ ಮಾತಾಡಬ್ಯಾಡ್ರಿ, ನಿಮ್ಮ ಮಾತು ಆಕಿಗಿ ಹತ್ತತದ ಅಂದ. ನನಗ ಮಾತಾಡಿ ರೂಢಿ, ತಡದರೂ ತಡೀಲಾರದ ಬರತದ. ಅದಕ್ಕ ಸೆರಗು ಹಿಡದೆ. ಮದಲ ಮದಲ ಕೂಸು ಆಟ ಅಂತ ತಿಳಕೊಂಡು ಸೆರಗು ಜಗ್ತಿತ್ತು. ಆಮ್ಯಾಲ ಜಗ್ಗೂದು ಬಿಡ್ತು. ತಾನೂ ಫ್ರಾಕು ಎತ್ತಿ ಬಾಯಿಗಿ ಹಿಡಿಯಾಕತ್ತು. ಅದನ್ನ ನೋಡಿ ನನ್ನ ಮಗ ನನ್ನ ಬಸ್ಸಿಗಿ ಹತ್ತಿಸ್ಯಾನ."

ಕಾಯಿಲೆಯವರನ್ನು ದೂರ ಇಡುವ ಹಾಗೆ ತನ್ನನ್ನು ದೂರ ಇಟ್ಟಿದ್ದು ಸರಿಯೇ ಎಂದು ನಂಬಿದ್ದಾಳೆ. ನಿನ್ನನ್ನು ಒಂದು ಮಾತೂ ಅನ್ನಲಿಲ್ಲ. ಆಮೇಲೆ ನೀರನ್ನು ಕಣ್ಣಿಗೆ ಒತ್ತಿಕೊಂಡು, "ಕೂಸಿಗಿ ಮಾತು ಬರೂತನಕ ನಂದು ಬಂದ್" ಎಂದಳು. ಆವತ್ತಿನಿಂದ ಅವಳ ಬಾಯಿಂದ ಒಂದು ಅಕ್ಷರ ಹೊರಟಿಲ್ಲ. ಇಂಥ ಹರಕೆ ಅಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೊತ್ತದ್ದೂ ಇಲ್ಲ. ತಾನೇ ಮಾಡಿಕೊಂಡಳು. ಬಳೆ ಮಾರಿದವಳ ಹತ್ತಿರ ಕೊಡಲಿಕ್ಕೆ ಬೇರೆ ಏನಿತ್ತು ಹೇಳು.

ಭಾಷೆ ಒಂದೇ ಇರಲಿ ಅಂದರೆ ನೀನು ಮಾತಾಡುವವಳನ್ನೇ ಊರು ಬಿಡಿಸಿದೆ. ಮನೆ ಶಾಂತವಾಗಿದೆ ಎಂದು ಬರೆದಿದ್ದೀಯ. ಎಲ್ಲರ ಬಾಯಿ ಕಟ್ಟಿದ ಮೇಲೆ ಇನ್ನೇನಾಗುತ್ತದೆ?

ಆಪಾ

---

ಶಹಾಪುರ
28-11-1994

ಮನ್ಸೂರಾ,

ನನ್ನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಶನಿವಾರ ನಮ್ಮ ಮನೆಯವರು ಬಸ್ ನಿಲ್ದಾಣದ ಎದುರು ಅಂಗಡಿಯಲ್ಲಿ ಟ್ಯೂಬಿಗೆ ಪಂಚರ್ ಹಚ್ಚುತ್ತಿದ್ದರಂತೆ. ಯಾದಗಿರಿಯ ಬಸ್ಸಿನ ಕಿಟಕಿಯಲ್ಲಿ ನೀನು ಕಂಡೆಯಂತೆ. ತೊಡೆಯ ಮೇಲೆ ಕೂಸು ಮಲಗಿತ್ತಂತೆ. ಇವರು ಕೈ ಎತ್ತಿದರೆ ನೀನು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆಯಂತೆ.

ಬೇರೆ ಯಾರೋ ಇದ್ದಿರಬೇಕು ಎಂದು ನಾನು ವಾದ ಮಾಡಿದೆ. ಅಮ್ಮನಿಗೆ ಹೇಳಿಲ್ಲ.

ಆಪಾ

---

ಹುಣಸಗಿ
6-12-1994

ಆಪಾ,

ಬೇರೆ ಯಾರೂ ಅಲ್ಲ, ನಾನೇ. ಬಸ್ಸು ಚಹಾಕ್ಕೆಂದು ನಿಂತಿತ್ತು. ನಿಮ್ಮ ಓಣಿ ಎದುರಿಗೇ ಇತ್ತು. ಇಳಿದರೆ ಅಮ್ಮಾ ಸಿಗುತ್ತಾಳೆ, ಕೂಸನ್ನು ಕಂಡರೆ ಸೆರಗು ಬಾಯಿಗೆ ಹಿಡಿಯುತ್ತಾಳೆ. ಅದನ್ನು ನೋಡುವ ಧೈರ್ಯ ಬರಲಿಲ್ಲ. ಜಮಾಲಸಾಬರು ಎತ್ತಿದ ಕೈ ಹಾಗೇ ಕೆಳಗಿಳಿದದ್ದು ಪೇಪರಿನ ಅಂಚಿನಲ್ಲಿ ಕಂಡಿತು. ಅವರಿಗೆ ನನ್ನ ಸಲಾಮ್ ಹೇಳು, ಅವರು ತಗೊಂಡರೆ.

ಮಮ್ತಾಜ ಪೂರ್ತಿ ಮಾತು ಬಿಟ್ಟಿದ್ದಾಳೆ. ದಸರೆಯ ಸೂಟಿ ಮುಗಿಯುವ ಹೊತ್ತಿಗೆ ಆ "ಚಮಚ"ವೂ ಹೋಯಿತು. ನಾನು ಡಬ್ಬಿ ತೆಗೆದರೆ ಫ್ರಾಕಿನ ಅಂಚು ಎತ್ತಿ ಬಾಯಿಗೆ ಹಿಡಿದುಕೊಂಡು ನನ್ನನ್ನೇ ನೋಡುತ್ತಾಳೆ. ಹಟ ಎಂದುಕೊಂಡು ಒಂದು ದಿನ ಗದರಿಸಿದೆ. ಗೌಹರ ಒಲೆಯ ಮುಂದಿನಿಂದ ಎದ್ದು ಬಂದಳು. "ಮಾತಾಡಬಾರದಂತ ಈ ಮನ್ಯಾಗ ಕಲಿಸಿದವ್ರು ನೀವ ಅಲ್ಲೇನ್ರಿ? ಕೂಸು ಕಲ್ತಾಳ" ಎಂದಳು. ಅಷ್ಟು ಉದ್ದದ ಕನ್ನಡ ಅವಳು ನನ್ನ ಹತ್ತಿರ ಆಡಿದ್ದು ಅದೇ ಮೊದಲು.

ಮರುದಿನ ಕಾಯಿಪಲ್ಯೆ ಮಾರುವ ಕರೆಮ್ಮ ಬಾಗಿಲಿಗೆ ಬಂದವಳು, "ಮಾಸ್ತರ, ನಿಮ್ಮ ಬಳಿಗಾರ ಆಯಿ ಎಲ್ಲಿ ಹೋಗ್ಯಾಳ್ರಿ? ಕಾಲುವಿ ದಂಡಿ ಬಣಬಣ ಆಗ್ಯಾದ ನೋಡ್ರಿ. ಆ ಅಜ್ಜಿ ಮಮ್ಮಗಳು ಬಂದ್ರಂದ್ರ ಮಾತು ಮಾತು ಮಾತು. ಆ ಕೂಸಂತೂ ಒಂದ ಸವನ ವದರೂದು" ಎಂದಳು. ಯಾವ ಕೂಸು ಎಂದು ಕೇಳಿದೆ. "ನಿಮ್ದ ರೀ" ಎಂದು ನಕ್ಕಳು. ನನ್ನ ಮಗಳಿಗೆ ಮಾತು ಬರುತ್ತಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು ಆಪಾ. ನಾನು ಒಂದು ದಿನವೂ ಅವರ ಜೊತೆ ಕಾಲುವೆಯ ಕಡೆ ಹೋದವನಲ್ಲ. ಅಮ್ಮಾ ಗಟ್ಟಿಯಾಗಿ ಮಾತಾಡುತ್ತಾಳೆ, ದಾರಿಯವರು ತಿರುಗಿ ನೋಡುತ್ತಾರೆ ಎಂದು.

ಜನವರಿಯವರೆಗೆ ಕಾಯಲು ಆಗಲಿಲ್ಲ. ಕೂಸನ್ನು ಎತ್ತಿಕೊಂಡು ಯಾದಗಿರಿಗೆ ಹೋದದ್ದು ಅದಕ್ಕೇ. ಈ ಸಲ ಶಿಬಿರ ಇರಲಿಲ್ಲ, ಸರಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಮಾತು ಪರೀಕ್ಷಿಸುವ ಒಬ್ಬ ಹೆಣ್ಣುಮಗಳು ಇದ್ದರು. ಅವರು ಡಬ್ಬಿಯನ್ನೇ ತೆಗೆಯಲಿಲ್ಲ. ಮಮ್ತಾಜ ಬಾಯಿ ಮುಚ್ಚಿಕೊಂಡದ್ದನ್ನು ಸ್ವಲ್ಪ ಹೊತ್ತು ನೋಡಿ, "ಮನ್ಯಾಗ ಈಕಿ ಕೂಡ ಎಲ್ಲಾರಕಿಂತ ಹೆಚ್ಚು ಮಾತಾಡೋರು ಯಾರ್ರಿ?" ಎಂದು ಕೇಳಿದರು.

"ನಮ್ಮ ತಾಯಿ" ಎಂದೆ.

"ಕರಕೊಂಡು ಬಂದೀರೇನ್ರಿ?"

"ಇಲ್ಲರಿ. ಶಹಾಪುರದಾಗ ಅದಾರ."

"ಯಾಕ್ರಿ?"

ಎದುರಿಗೆ ನನ್ನ ಮಗಳು, ಈ ಕಡೆ ನಾನು, ಇಬ್ಬರೂ ಮಾತಿಲ್ಲದೆ ಕೂತೆವು. ಕೊನೆಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕಂಗೀ ಎಂದರೆ ಬಾಚಣಿಗೆ ಗೊತ್ತಿದೆ ಎಂದೇ ಅರ್ಥ, ನೀಳ್ಳು ಎಂದರೆ ನೀರು ಗೊತ್ತಿದೆ ಎಂದೇ ಅರ್ಥ, ಮೂರೂ ಮಾತಿನ ಶಬ್ದಗಳನ್ನು ಒಂದೇ ಬುಟ್ಟಿಗೆ ಹಾಕಿ ಎಣಿಸಬೇಕಿತ್ತು, ಆವತ್ತು ಕೊಟ್ಟ ಸಲಹೆಯೇ ಸರಿಯಿಲ್ಲ ಎಂದರು. "ನಿಮ್ಮ ತಾಯೀನ ಕರಕೊಂಡ ಬರ್ರಿ. ಆಕಿ ಬಗಲಾಗ ಕುಂತಾಗ ನಾನು ಈ ಕೂಸಿನ ಮಾತು ಕೇಳ್ತೀನಿ. ಅಲ್ಲೀತನಕ ಏನೂ ಬರಿಯಾಂಗಿಲ್ಲ" ಎಂದರು.

ಬಸ್ಸಿನಲ್ಲಿ ಬರುವಾಗ ಹಿಂದಿನವರನ್ನು ಬೈದುಕೊಂಡು ಸಮಾಧಾನ ಮಾಡಿಕೊಳ್ಳೋಣ ಎಂದುಕೊಂಡೆ. ಆಗಲಿಲ್ಲ. ಒಂದೇ ಭಾಷೆ ಇರಲಿ ಎಂದಷ್ಟೇ ಅವರು ಹೇಳಿದ್ದರು. ಯಾವುದು ಎಂದು ಆರಿಸಿದವನು ನಾನು.

ಅಮ್ಮನಿಗೆ ಹೇಗಾದರೂ ಹೇಳಿ ಹರಕೆ ಬಿಡಿಸು. ನಿನ್ನ ಕಾಲಿಗೆ ಬೀಳುತ್ತೇನೆ.

ಮನ್ಸೂರ

---

ಶಹಾಪುರ
15-12-1994

ತಮ್ಮಾ,

ಕೊನೆಗೂ ನನ್ನ ತಮ್ಮ ಬರೆದ ಪತ್ರ ಬಂತು. ಓದಿ ಅತ್ತೆ, ಅಷ್ಟು ಸಾಕು.

ಅಮ್ಮನಿಗೆ ಹೇಳಿದೆ. ಕೂಸು ಮಾತು ಬಿಟ್ಟಿದೆ ಎಂದು ಕೇಳಿದ ಕೂಡಲೆ ಗೋಡೆಗೆ ಒರಗಿಬಿಟ್ಟಳು. ನೀನು ಮಾತಾಡಿದರೆ ಅದೂ ಮಾತಾಡುತ್ತದೆ, ಬಾ ಹೋಗೋಣ ಎಂದರೆ ತಲೆ ಅಲ್ಲಾಡಿಸುತ್ತಾಳೆ. ತನ್ನ ಹರಕೆಯಲ್ಲೇ ಏನೋ ಕೊರತೆ ಬಿದ್ದಿದೆ ಎಂದುಕೊಂಡು ಈಗ ಸಂಜೆಯ ಊಟವನ್ನೂ ಬಿಟ್ಟಿದ್ದಾಳೆ. ಕೂಸು ಮಾತಾಡುವ ತನಕ ಇವಳು ಆಡುವುದಿಲ್ಲ, ಇವಳು ಆಡದೆ ಕೂಸು ಆಡುವುದಿಲ್ಲ. ಇಂಥ ಗಂಟು ಹಾಕಿಟ್ಟಿದ್ದೀಯ ನೀನು.

ನನ್ನ ಕೈಯಿಂದ ಇದು ಬಿಚ್ಚುವುದಿಲ್ಲ. ಬಾಯಿ ಮುಚ್ಚು ಎಂದವನು ನೀನು, ತೆರೆ ಎನ್ನಬೇಕಾದವನೂ ನೀನೇ. ಅವಳಿಗೇ ಬರೆ, ನಾನು ಓದಿ ಹೇಳುತ್ತೇನೆ. ದೊಡ್ಡ ದೊಡ್ಡ ಶಬ್ದ ಹಾಕಬೇಡ.

ಆಪಾ

---

ಹುಣಸಗಿ
22-12-1994

ಅಮ್ಮಾ,

ನಾನು ಇದನ್ನು ಕನ್ನಡದಲ್ಲಿ ಬರೆಯುತ್ತೇನೆ, ಆಪಾ ನಿನಗೆ ನಮ್ಮ ಮಾತಿನಲ್ಲಿ ಹೇಳುತ್ತಾಳೆ. ನಾನು ಹೆಣಗಿ ಹೆಣಗಿ ಕಲಿತದ್ದು ಇದೊಂದೇ ಬರವಣಿಗೆ. ಸಾಲಿಯಲ್ಲಿ ಮನೆಮಾತು ಬಾಯಿಂದ ಜಾರಿದರೆ ಹುಡುಗರು ನಗುತ್ತಿದ್ದರು. ಆ ನಗುವಿಗೆ ಇನ್ನೂ ಹೆದರುತ್ತೇನೆ. ಮಮ್ತಾಜಳಿಗೆ ಅದು ಬೇಡ ಎಂದುಕೊಂಡೆ.

ಅದೂ ಪೂರ್ತಿ ನಿಜವಲ್ಲ ಅಮ್ಮಾ. ಯಾದಗಿರಿಯಲ್ಲಿ ಪರೀಕ್ಷೆಯವರು ನಕ್ಕಾಗ ನಾಚಿಕೆ ಆದದ್ದು ನನಗೆ. ಕೂಸಿಗೆ ಏನೂ ಆಗಿರಲಿಲ್ಲ, ಚೆಂಡು ಹಿಡಿದು ಆಡುತ್ತಿತ್ತು. ನನ್ನ ನಾಚಿಕೆಗೆ ಔಷಧ ಎಂದು ನಿನ್ನ ಬಾಯಿ ಮುಚ್ಚಿಸಿದೆ.

ನಿನ್ನ ಮಾತು ಕಾಯಿಲೆ ಅಲ್ಲ. ಅದು ಹತ್ತುತ್ತದೆ ಎಂದಿದ್ದೆ. ಹತ್ತಲಿ. ನನಗೆ ಮಾತು ಎಂಬುದು ಹತ್ತಿದ್ದೇ ನಿನ್ನಿಂದ. ನೀನಿಲ್ಲದ ಮನೆಯಲ್ಲಿ ಕೂಸು ಕಿಟಕಿಯ ಹತ್ತಿರ ಕೂತು ಕಾಲುವೆಯ ಕಡೆ ನೋಡುತ್ತದೆ. ನಿನ್ನ ಹರಕೆಯನ್ನು ಬಿಡು ಎನ್ನುವ ಯೋಗ್ಯತೆ ನನಗಿಲ್ಲ. ಆಡದಿದ್ದರೂ ಬಾ, ಸುಮ್ಮನೆ ಅದರ ಬಗಲಲ್ಲಿ ಕೂಡು.

ಕೆಳಗಿನದನ್ನು ಆಪಾ ಹೇಗಿದೆಯೋ ಹಾಗೇ ಓದಲಿ. ಬರೆದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಲಿ.

ಮಾಫ್ ಕರ್ ಅಮ್ಮಾ. ಘರ್ ಕು ಆ.

ತೇರಾ ಮನ್ಸೂರ

---

ಶಹಾಪುರ
30-12-1994

ಮನ್ಸೂರಾ,

ಮಧ್ಯಾಹ್ನ ಅಮ್ಮಾ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದಾಗ ಓದಿದೆ. ನಾನು ಒಂದೊಂದೇ ಸಾಲು ನಮ್ಮ ಮಾತಿಗೆ ತಂದು ಹೇಳಿದೆ. ಅವಳ ಕೈ ನಿಲ್ಲಲೇ ಇಲ್ಲ, ಕೇಳುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನ ಬಂತು. ಮಾಫಿ ಕೇಳಿ ಮನೆಗೆ ಬಾ ಎಂದ ಆ ಕೊನೆಯ ಸಾಲು ಇದ್ದ ಹಾಗೇ ಓದಿದಾಗ ಕೈ ನಿಂತಿತು. ಬೆರಳು ತಿರುಗಿಸಿ ಮತ್ತೊಮ್ಮೆ ಎಂದು ಸನ್ನೆ ಮಾಡಿದಳು. ಓದಿದೆ. ಮತ್ತೊಮ್ಮೆ ಎಂದಳು. ಮತ್ತೆ ಓದಿದೆ. ಹೀಗೇ ಎಷ್ಟು ಸಲ ಓದಿಸಿದಳೋ, ಕೊನೆಗೆ ನನಗೆ ಅಕ್ಷರ ಕಾಣದೆ ಬಾಯಿಪಾಠ ಹೇಳಿದೆ. ತಪ್ಪೇನೂ ಇರಲಿಲ್ಲ. ಇದ್ದರೂ ತಿದ್ದುತ್ತಿರಲಿಲ್ಲ.

ಬಾಯಿ ತೆರೆದಿಲ್ಲ. ಎದ್ದು ಹೋಗಿ ಬಟ್ಟೆಯ ಗಂಟನ್ನು ಬಿಗಿದು ಬಾಗಿಲ ಹತ್ತಿರ ತಂದು ಇಟ್ಟಿದ್ದಾಳೆ. ಬಾಲಪ್ಪನನ್ನು ಕಳಿಸಬೇಡ. ನೀನೇ ಬಾ.

ಆಪಾ

---

ಹುಣಸಗಿ
23-1-1995

ಆಪಾ,

ನಿಮ್ಮ ಬಾಗಿಲಲ್ಲಿ ಆದದ್ದನ್ನು ನೀನೇ ಕಂಡಿದ್ದೀಯ. ಜಮಾಲಸಾಬರು ನನಗೇ ಚಹಾ ತರಿಸಿ ಕುಡಿಸಿದ್ದನ್ನು ನಾನು ಮರೆಯಲಾರೆ. ಆಮೇಲಿನದನ್ನು ಬರೆಯುತ್ತೇನೆ.

ಬಸ್ಸಿನಲ್ಲಿ ಅಮ್ಮನ ಹತ್ತಿರ ನಮ್ಮ ಮಾತಿನಲ್ಲೇ ಮಾತಾಡುತ್ತ ಬಂದೆ. ಅವಳು ಕಿಟಕಿ ಕಡೆ ಮುಖ ಮಾಡಿ ಕೇಳುತ್ತಿದ್ದಳು. ಸುರಪುರದಲ್ಲಿ ಈಶಪ್ಪನವರು ಹತ್ತಿ ನಮ್ಮ ಮುಂದಿನ ಸೀಟಿನಲ್ಲೇ ಕೂತರು. ನನ್ನ ದನಿ ತಾನಾಗಿಯೇ ಇಳಿಯಿತು. ಅದು ಅಮ್ಮನಿಗೆ ತಿಳಿದುಹೋಯಿತು, ಅವಳ ಕೈ ಸೆರಗಿಗೆ ಹೋಯಿತು. ಮತ್ತೆ ಗಟ್ಟಿಯಾಗಿ ಮಾತಾಡಿದೆ. ದೊಡ್ಡದೇನೂ ಹೇಳಲಿಲ್ಲ, ಈ ಸಲ ಭತ್ತ ಚೆನ್ನಾಗಿ ಬಂದಿದೆ ಎಂದೆ. ಈಶಪ್ಪನವರು ಹಿಂದೆ ತಿರುಗಿ ಅಮ್ಮನನ್ನು ನೋಡಿ, "ಖೈರಿಯತ್ ಹೈ ನಾ, ಅಮ್ಮಾಜೀ?" ಎಂದು ಕ್ಷೇಮ ವಿಚಾರಿಸಿದರು. ನಿಜಾಮರ ಕಾಲದಲ್ಲಿ ಅವರು ಕಲಿತದ್ದು ಉರ್ದು ಸಾಲಿಯಲ್ಲಂತೆ. ನನಗಿಂತ ಚೆಂದ ಮಾತಾಡುತ್ತಾರೆ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ಬುತ್ತಿ ಉಂಡವರು, ನಾನು ಅವರಿಗೆ ಹೆದರಿ ನನ್ನ ಮನೆಯನ್ನು ಹಾಳು ಮಾಡಿಕೊಂಡೆ. ಅಮ್ಮಾ ಕೈ ಎತ್ತಿ ಅವರಿಗೆ ಸಲಾಮ್ ಮಾಡಿದಳು, ಮಾತಾಡಲಿಲ್ಲ.

ಗೌಹರ ಕೂಸನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ಬಂದಿದ್ದಳು. ಮಮ್ತಾಜ ಅಜ್ಜಿಯನ್ನು, ತನ್ನ ದಾದಿಯನ್ನು, ಕಂಡ ಕೂಡಲೆ ಓಡಿ ಬಂದಳು. ಹತ್ತಿರ ಬಂದು ನಿಂತು ಫ್ರಾಕಿನ ಅಂಚು ಎತ್ತಿ ಬಾಯಿಗೆ ಹಿಡಿದುಕೊಂಡಳು. ದಾದಿಯ ಮುಂದೆ ಹಾಗೇ ಮಾಡಬೇಕು ಎಂದು ತಿಳಿದಿದ್ದಾಳೆ ಆಪಾ. ಅವಳ ಕಣ್ಣು ಖುಷಿಯಿಂದ ನಗುತ್ತಿದ್ದವು. ಅಮ್ಮನ ಮುಖವನ್ನು ನಾನು ಆಗ ನೋಡಬಾರದಿತ್ತು, ನೋಡಿದೆ. ತನ್ನ ಸೆರಗು ತೆಗೆದಳು, ಬಗ್ಗಿ ಕೂಸಿನ ಕೈಯನ್ನೂ ಕೆಳಗೆ ಇಳಿಸಿದಳು. ಇಬ್ಬರೂ ಕೈ ಹಿಡಿದು ಕಾಲುವೆಯ ದಾರಿ ಹಿಡಿದರು. ನಾನು ಗಂಟು ಹೊತ್ತು ಹಿಂದೆ ಉಳಿದೆ. ಕಾಲುವೆ ತುಂಬ ನೀರಿತ್ತು, ಅದರ ಸಪ್ಪಳದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಎರಡು ತಲೆ ಒಂದರ ಕಡೆ ಒಂದು ಬಾಗಿದ್ದವು. ಮೊದಲು ಮಾತಾಡಿದ್ದು ಅಮ್ಮನೋ ಕೂಸೋ, ಹರಕೆ ಮುರಿಯಿತೋ ತೀರಿತೋ, ನನಗೆ ತಿಳಿಯಲಿಲ್ಲ. ನಾನು ಹತ್ತಿರ ಹೋಗುತ್ತಲೇ ಇಬ್ಬರೂ ಸುಮ್ಮನಾದರು.

ಈಗ ಮನೆಯಲ್ಲಿ ದಿನವಿಡೀ ಮಾತು. ಗೌಹರ ಹಾಡಿಗೆ ಮತ್ತೆ ಶಬ್ದ ಹಾಕುತ್ತಾಳೆ. ಆದರೆ ನಾನು ಹೊಸ್ತಿಲು ದಾಟಿದರೆ ಅಮ್ಮನ ಕೈ ಸೆರಗಿಗೆ ಹೋಗುತ್ತದೆ, ಕೂಸಿನ ಕೈ ಫ್ರಾಕಿಗೆ ಹೋಗುತ್ತದೆ. ಅಮ್ಮಾ ಬೇಕೆಂದು ಮಾಡುವುದಿಲ್ಲ, ಆಮೇಲೆ ಅವಳೇ ನಾಚಿಕೊಳ್ಳುತ್ತಾಳೆ. ಹಾಗಾಗಿ ಸಂಜೆ ಶಾಲೆಯಿಂದ ಬಂದವನು ಹೊರಗೆ ಕಟ್ಟೆಯ ಮೇಲೆ ಕೂತು ಕೇಳುತ್ತೇನೆ. ಹಳೆಯ ಬಳೆಗಳನ್ನು ಚಾಪೆಯ ಮೇಲೆ ಹರವಿ ಹಸಿರು, ಲಾಲ್, ತೆಲ್ಲ ಎಂದು ಮೂರೂ ಮಾತಿನಲ್ಲಿ ಬಣ್ಣ ಹೇಳುತ್ತಾಳೆ ನನ್ನ ಮಗಳು. ಓಣಿಯವರೆಲ್ಲ ಕೇಳಿದ್ದನ್ನು ನಾನು ಈಗ ಕೇಳುತ್ತಿದ್ದೇನೆ, ಅದೂ ಗೋಡೆಯ ಈಚೆ ಕೂತು.

ಮುಂದಿನ ವಾರ ಎಲ್ಲರೂ ಯಾದಗಿರಿಗೆ ಹೋಗುತ್ತೇವೆ. ಪರೀಕ್ಷೆಯ ಹೊತ್ತಿಗೆ ನಾನು ಹೊರಗೆ ಇರುತ್ತೇನೆ ಎಂದು ಗೌಹರಳಿಗೆ ಹೇಳಿದ್ದೇನೆ.

ನಿನ್ನೆ ಸಂಜೆ ಡಬ್ಬಿಯಲ್ಲಿದ್ದ ಚೆಂಡನ್ನೂ ಬಾಚಣಿಗೆಯನ್ನೂ ಅವಳಿಗೆ ಆಡಲು ಕೊಟ್ಟುಬಿಡೋಣ ಎನ್ನಿಸಿತು. ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತು, "ಅಂದರ್ ಆವೂಂ ಕ್ಯಾ?" ಎಂದು ಒಳಗೆ ಬರಲು ಅಪ್ಪಣೆ ಕೇಳಿದೆ. ಒಳಗೆ ಬಳೆಯ ಸಪ್ಪಳ ನಿಂತಿತು. ಡಬ್ಬಿಯೊಳಗಿನ ಸಾಮಾನು ಅಲ್ಲಾಡಿದ್ದು ಅವಳಿಗೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಮಮ್ತಾಜ ಅಮ್ಮನನ್ನು ಪಿಸುಮಾತಿನಲ್ಲಿ ಕೇಳಿದಳು:

"ದಾದೀ, ಅಬ್ಬಾ ಪರೀಕ್ಷಾ ಲೇಕೋ ಆಯೇ ಕ್ಯಾ?"

ಅಬ್ಬಾ ಪರೀಕ್ಷೆ ತಗೊಂಡು ಬಂದರೇ ಎಂದು. ಅಷ್ಟು ಮಾತಿನಲ್ಲಿ ಕನ್ನಡದ್ದು ಒಂದೇ ಶಬ್ದ ಆಪಾ, ಅದು ನಾನು ಕಲಿಸಿದ್ದು.

ಡಬ್ಬಿಯನ್ನು ಸಪ್ಪಳವಾಗದ ಹಾಗೆ ಕಟ್ಟೆಯ ಮೇಲೆ ಇಟ್ಟು ಬರಿಗೈಯಲ್ಲಿ ಒಳಗೆ ಹೋದೆ.

ನಿನ್ನ
ಮನ್ಸೂರ